ಗುಣವಾದವಳಿಗೆ ಮನೆ ಎಲ್ಲಿ?
(ತ್ರಿವೇಣಿಯವರ ‘ಶರಪಂಜರ’ವನ್ನು ಕುರಿತು)



ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರವನ್ನು ಅಭ್ಯಸಿಸಿ, ಅದೇ ನಗರದಲ್ಲಿ ಸಂಸಾರ ಹೂಡಿ ಕಾದಂಬರಿಗಳನ್ನು ರಚಿಸಿದ ಶ್ರೀಮತಿ ಅನಸೂಯಾ ಶಂಕರ್ ಅವರು ‘ತ್ರಿವೇಣಿ’ ಎಂಬ ಹೆಸರಿನಿಂದ ನಮಗೆಲ್ಲ ಪರಿಚಿತರು. 1928ರಲ್ಲಿ ಜನಿಸಿದ ಅವರು 1963ರಲ್ಲಿ, ಹೆರಿಗೆಯಾದ ಕೆಲವೇ ದಿನಗಳಲ್ಲಿ ತೀರಿಕೊಂಡರು. ಇಂಥ ಲೇಖಕಿಯರ ಕೃತಿಗಳನ್ನು ಅಡುಗೆಮನೆಯ ಸಾಹಿತ್ಯವೆಂದು ಹಗುರವಾಗಿ ಕಂಡವರುಂಟು. ಆದರೆ ಮನುಷ್ಯನ ಸುಖದುಃಖಗಳು ಬಹುಮಟ್ಟಿಗೆ ನಿರ್ಣಯವಾಗುವುದು ಅಡುಗೆಮನೆ ನಡುಮನೆಗಳಲ್ಲಿಯೇ ಅಲ್ಲವೆ?

‘ಶರಪಂಜರ’ದ ಕಾವೇರಿ ನಮ್ಮ ನಿಮ್ಮ ಮನೆಯ ಸೊಸೆಯಂಥವಳು. ಒಲಿದ ಪತಿ, ಮಕ್ಕಳು, ಅನುಕೂಲವಾದ ಸಂಸಾರ. ಬಾಣಂತನದಲ್ಲಿ ಆಕೆಗೆ ಚಿತ್ತವಿಕಲತೆ ತಟ್ಟುತ್ತದೆ. ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದು ಗುಣಮುಖಳಾಗುತ್ತಾಳೆ. ಸಾಮಾನ್ಯ ಕಥೆಗಾರನಾಗಿದ್ದರೆ ಇಲ್ಲಿಗೇ ಮಂಗಳ ಹಾಡುತ್ತಿದ್ದ. ತ್ರಿವೇಣಿಯವರ ಕಥೆಯ ತಿರುಳಿರುವುದು ಇಲ್ಲಿಂದ ಮುಂದೆ. ಮನೆಗೆ ಮರಳಿದವಳು ಬಯಸುವುದು ದೊಡ್ಡದೇನಲ್ಲ: ಮನೆಯ ಹೊಣೆ, ಮಕ್ಕಳ ಒಡನಾಟ, ಗಂಡನ ಆದರದ ಒಂದು ಮಾತು. ಆದರೆ ಆಕೆಯ ನಗುವಿನಲ್ಲಿಯೂ ಸಿಟ್ಟಿನಲ್ಲಿಯೂ ಸುತ್ತಲಿನವರು ಹಳೆಯ ರೋಗವನ್ನೇ ಹುಡುಕುತ್ತಾರೆ. ವೈದ್ಯರು ಗುಣವಾಯಿತೆಂದದ್ದನ್ನು ಮನೆ ನಂಬುವುದಿಲ್ಲ. ಪತಿ ಸತೀಶ ಪರಸ್ತ್ರೀಯಲ್ಲಿ ಅನುರಕ್ತನಾಗಿರುವುದು ತಿಳಿದಾಗ ಉಳಿದ ಆಸರೆಯೂ ಕಳಚಿ, ರೋಗ ಮರುಕಳಿಸುತ್ತದೆ. ಬಾಣಗಳ ಪಂಜರವೆಂಬ ಹೆಸರು ಸಾರ್ಥಕವಾಗುವುದು ಹೀಗೆ. ಆ ಬಾಣಗಳನ್ನು ಎಸೆದವರು ಹಗೆಗಳಲ್ಲ, ತನ್ನವರೇ.

ಕೃತಿಯ ಒಂದು ಕೊರತೆಯನ್ನೂ ಇಲ್ಲಿ ಹೇಳಬೇಕು. ಸತೀಶನ ದ್ರೋಹವು ನಮ್ಮ ಕೋಪಕ್ಕೆ ಸುಲಭವಾದ ಗುರಿಯಾಗುತ್ತದೆ. ಅವನನ್ನು ಶಪಿಸಿ ನಾವು ನಿರಾಳರಾಗುತ್ತೇವೆ. ಅವನು ಶೀಲವಂತನೇ ಆಗಿದ್ದು, ಕೇವಲ ಅಂಜಿದವನಾಗಿದ್ದರೆ? ಆಗಲೂ ಕಾವೇರಿ ಉಳಿಯುತ್ತಿದ್ದಳೆಂದು ಹೇಳಲಾಗದು. ಕೆಟ್ಟವರ ಕೇಡಿಗಿಂತ ಒಳ್ಳೆಯವರ ಶಂಕೆ ಹೆಚ್ಚು ಕ್ರೂರವೆಂಬ ಸತ್ಯವನ್ನು ಲೇಖಕಿ ಮುಟ್ಟಿದ್ದಾರೆ. ಆದರೆ ಕೊನೆಯವರೆಗೆ ಅದನ್ನೇ ಹಿಡಿದು ನಡೆದಿಲ್ಲ. 1971ರಲ್ಲಿ ಪುಟ್ಟಣ್ಣ ಕಣಗಾಲರು ತೆರೆಗೆ ತಂದ ಚಿತ್ರದಲ್ಲಿ ಕಲ್ಪನಾ ಅವರ ಅಭಿನಯವನ್ನು ಕಂಡು ಕಣ್ಣೀರಿಟ್ಟ ನಮ್ಮಲ್ಲಿ ಎಷ್ಟು ಮಂದಿ, ಹೊರಬಂದು ನೆರೆಮನೆಯ ಕಾವೇರಿಯನ್ನು ಸಹಜವಾಗಿ ಮಾತನಾಡಿಸಿದೆವು?

ಮನೋರೋಗಿಗಳು ಸಮಾಜದೊಳಗೇ ಬಾಳುವ ಹಕ್ಕನ್ನು 2017ರ ಕಾಯಿದೆ ಮಾನ್ಯ ಮಾಡಿದೆ. ಆದರೆ ಕಾಯಿದೆ ಹೊಸ್ತಿಲವರೆಗೆ ಬಂದೀತು. ಒಳಗೆ ಕರೆಯಬೇಕಾದವರು ನಾವು. ವಾಚಕರೆ, ಈ ಕಾದಂಬರಿಯನ್ನು ಇನ್ನೊಮ್ಮೆ ಓದಿರಿ. ಆಸ್ಪತ್ರೆಯಿಂದ ಮರಳಿದವಳ ಕೈಗೆ ಮಗುವನ್ನು ಅಂಜದೆ ಕೊಡಬಲ್ಲೆವೆ? ಕೃತಿ ನಮ್ಮನ್ನು ಕೇಳುವುದು ಅಷ್ಟೇ.