ಮದ್ದಿನ ಮನೆ ಎದ್ದು ನಡೆದದ್ದು

ಬೆಂಗಳೂರಿನಿಂದ ಮೈಸೂರಿಗೆ ಹೋಗುವ ರೈಲು ಶ್ರೀರಂಗಪಟ್ಟಣದಲ್ಲಿ ನಿಲ್ಲುವುದು ಊರ ಹೊರಗಲ್ಲ, ಕೋಟೆಯೊಳಗೆ. ದಿನನಿತ್ಯ ಓಡಾಡುವವರಿಗೆ ಇದು ವಿಶೇಷವೆನಿಸುವುದಿಲ್ಲ. ಎರಡು ನಿಮಿಷ ನಿಂತು ರೈಲು ಮುಂದೆ ಹೋಗುತ್ತದೆ, ಮಲ್ಲಿಗೆ ಹೂವಿನವಳು ಇಳಿಯುತ್ತಾಳೆ, ಕಾಲೇಜಿನ ಹುಡುಗರು ಹತ್ತುತ್ತಾರೆ. ಆದರೆ ಒಂದು ರಾಜಧಾನಿಯ ಕೋಟೆಗೋಡೆಯನ್ನು ಸೀಳಿ ಹಳಿ ಹಾಕಿದ್ದಾರಲ್ಲ, ಯಾರನ್ನು ಕೇಳಿ ಹಾಕಿದರು ಎಂಬ ಪ್ರಶ್ನೆ ಒಮ್ಮೆಯಾದರೂ ಏಳಬೇಕು. 1880ರ ದಶಕದ ಆರಂಭದಲ್ಲಿ ಬೆಂಗಳೂರು-ಮೈಸೂರು ಮಾರ್ಗ ಹಾಕಿದಾಗ ಇದಕ್ಕೆ ಯಾರ ಅನುಮತಿಯೂ ಬೇಕಿರಲಿಲ್ಲ. ಸೋತ ಸುಲ್ತಾನನ ಕೋಟೆ ಅದು. ಗೆದ್ದವರ ಕಣ್ಣಿಗೆ ಅದು ಇಟ್ಟಿಗೆ ಕಲ್ಲಿನ ರಾಶಿ. ಲಾಲ್ ಮಹಲನ್ನು ಕೆಡವಿ ಹಾಕಿದವರೂ ಅವರೇ. ಊಟಿಯ ಸೇಂಟ್ ಸ್ಟೀಫನ್ ಚರ್ಚಿನ ತೊಲೆಗಳು ಟಿಪ್ಪುವಿನ ಅರಮನೆಯಿಂದ ಘಟ್ಟ ಹತ್ತಿ ಹೋದವು ಎಂದು ಅಲ್ಲಿಗೆ ಹೋದ ಪ್ರವಾಸಿಗರಿಗೆಲ್ಲ ಹೇಳುತ್ತಾರೆ.

ಆ ಕಾಲ ಹೋಯಿತು. ಈಗ ಕಾನೂನಿದೆ, ಇಲಾಖೆಯಿದೆ, ತಜ್ಞರಿದ್ದಾರೆ. ಹಾಗಾಗಿ ಅದೇ ಹಳಿಯ ಪಕ್ಕ ಎರಡನೆಯ ಹಳಿ ಹಾಕಬೇಕಾಗಿ ಬಂದಾಗ ಏನಾಯಿತೆಂಬುದನ್ನು ನಾವು ಸ್ವಲ್ಪ ನಿಧಾನವಾಗಿ ನೋಡಬೇಕಾಗಿದೆ.

138 ಕಿಲೋಮೀಟರಿನ ಮಾರ್ಗದಲ್ಲಿ ಜೋಡಿ ಹಳಿಯ ಕೆಲಸ ಬಹುತೇಕ ಮುಗಿದಿತ್ತು. ಉಳಿದದ್ದು ಶ್ರೀರಂಗಪಟ್ಟಣದ ಸುಮಾರು ಒಂದೂವರೆ ಕಿಲೋಮೀಟರು. ನಿಲ್ದಾಣದ ಬಳಿ, ಹೊಸ ಹಳಿ ಬರಬೇಕಾದ ಜಾಗದಲ್ಲೇ, ಟಿಪ್ಪುವಿನ ಕಾಲದ ಒಂದು ಕಟ್ಟಡ ಕುಳಿತಿತ್ತು. ಅದು ರಾಜ್ಯ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದ್ದ ಸ್ಮಾರಕ. ಕೆಡವುವ ಹಾಗಿಲ್ಲ. ವರ್ಷಗಟ್ಟಲೆ ಪತ್ರ ವ್ಯವಹಾರ ನಡೆಯಿತು. ಕೊನೆಗೆ ಕಟ್ಟಡವನ್ನೇ ಇಡಿಯಾಗಿ ಎತ್ತಿ ಬೇರೆಡೆ ಇಡುವುದೆಂದು ತೀರ್ಮಾನವಾಯಿತು. ದೆಹಲಿಯ ಪಿಎಸ್‌ಎಲ್ ಎಂಜಿನಿಯರಿಂಗ್ ಮತ್ತು ಅಮೆರಿಕದ ವುಲ್ಫ್ ಸಂಸ್ಥೆ ಸೇರಿ ಅಡಿಪಾಯದ ಕೆಳಗೆ ಉಕ್ಕಿನ ತೊಲೆಗಳನ್ನು ತೂರಿಸಿದರು. ಸುಮಾರು ಸಾವಿರ ಟನ್ ತೂಕದ ಇಟ್ಟಿಗೆ ಗಾರೆಯ ಕಟ್ಟಡವನ್ನು ಜಾಕ್‌ಗಳ ಮೇಲೆ ಎತ್ತಿ, 2017ರ ಮಾರ್ಚ್‌ನಲ್ಲಿ ನೂರು ಮೀಟರಿಗೂ ಹೆಚ್ಚು ದೂರ ತಳ್ಳಿ ಕೂರಿಸಿದರು. ಹದಿಮೂರು ಕೋಟಿ ರೂಪಾಯಿಗೂ ಮೀರಿ ಖರ್ಚಾಯಿತೆಂದು ಪತ್ರಿಕೆಗಳು ಬರೆದವು. ಮರುವರ್ಷ, 2018ರ ಫೆಬ್ರವರಿಯಲ್ಲಿ, ವಿದ್ಯುದೀಕರಣಗೊಂಡ ಮಾರ್ಗವನ್ನು ಪ್ರಧಾನಿಯವರು ಮೈಸೂರಿನಲ್ಲಿ ದೇಶಕ್ಕೆ ಸಮರ್ಪಿಸಿದರು.

ಸಲ್ಲಬೇಕಾದ ಮೆಚ್ಚುಗೆಯನ್ನು ಮೊದಲು ಸಲ್ಲಿಸಿಬಿಡೋಣ. ಇನ್ನೂರು ವರ್ಷ ದಾಟಿದ ಗಾರೆಯ ಕಟ್ಟಡವನ್ನು ಚೂರಾಗದಂತೆ ನಡೆಸಿಕೊಂಡು ಹೋಗುವುದು ಹುಡುಗಾಟವಲ್ಲ. ಹಾರೆ ಗುದ್ದಲಿ ತಂದು ಒಂದು ರಾತ್ರಿಯಲ್ಲಿ ಕೆಲಸ ಮುಗಿಸುವ ಪರಂಪರೆಯಿರುವ ನಾಡಿನಲ್ಲಿ, ಒಂದು ಇಲಾಖೆ ಪಟ್ಟು ಹಿಡಿದು ನಿಂತದ್ದೂ ಸಣ್ಣ ಮಾತಲ್ಲ. ಜೋಡಿ ಹಳಿ ಬೇಡವಾಗಿತ್ತೆಂದು ನಾವು ಹೇಳಲಾರೆವು. ಮಂಡ್ಯ, ಮದ್ದೂರು, ಚನ್ನಪಟ್ಟಣಗಳಿಂದ ಬೆಳಗಾಗೆದ್ದು ಕೆಲಸಕ್ಕೆ ಹೋಗುವ ಸಾವಿರಾರು ಜನ ಕ್ರಾಸಿಂಗಿಗೆಂದು ನಿಂತ ರೈಲಿನಲ್ಲಿ ಬೆವರು ಒರೆಸಿಕೊಂಡ ದಿನಗಳನ್ನು ನಾವೂ ಕಂಡವರೇ. ಆ ರೈಲಿನಲ್ಲಿ ನಾವೂ ಇದ್ದೆವು.

ಆದರೂ ಒಂದು ತಕರಾರಿದೆ. ಅದು ಹೆಸರಿನಿಂದಲೇ ಶುರುವಾಗುತ್ತದೆ. ಪತ್ರಿಕೆಗಳು ಅದನ್ನು ‘ಟಿಪ್ಪುವಿನ ಶಸ್ತ್ರಾಗಾರ’ ಎಂದು ಕರೆದವು. ಶಸ್ತ್ರಾಗಾರ ಎಂದೊಡನೆ ಕತ್ತಿ ಗುರಾಣಿಗಳನ್ನು ಸಾಲಾಗಿ ತೂಗುಹಾಕಿದ ಸಭಾಂಗಣ ಕಣ್ಣಮುಂದೆ ಬರುತ್ತದೆ. ಅದು ಹಾಗಿರಲಿಲ್ಲ. ಅದು ಮದ್ದಿನ ಮನೆ, ಎಂದರೆ ತೋಪಿನ ಮದ್ದನ್ನು ತೇವ ತಗಲದಂತೆ, ಕಿಡಿ ತಾಗದಂತೆ ಇಡುವ ಉಗ್ರಾಣ. ಇಂಥ ಕಟ್ಟಡಕ್ಕೆ ಒಂದು ತರ್ಕವಿದೆ. ಗೋಡೆ ದಪ್ಪ, ಮೇಲೆ ಕಮಾನು, ಅರ್ಧ ಮೈ ನೆಲದೊಳಗೆ. ಎಲ್ಲಕ್ಕಿಂತ ಮುಖ್ಯವಾಗಿ, ಎಲ್ಲ ಮದ್ದನ್ನೂ ಒಂದೇ ಕಡೆ ಇಡುವುದಿಲ್ಲ. ಕೋಟೆಯ ಬೇರೆ ಬೇರೆ ಮೂಲೆಗಳಲ್ಲಿ ಹಂಚಿ ಇಡುತ್ತಾರೆ. ಒಂದಕ್ಕೆ ಬೆಂಕಿ ಬಿದ್ದರೂ ಇನ್ನೊಂದು ಉಳಿಯಬೇಕು, ಕೊತ್ತಲದ ಮೇಲಿನ ತೋಪಿಗೆ ಮದ್ದು ಹತ್ತಿರದಲ್ಲೇ ಸಿಗಬೇಕು. ಶ್ರೀರಂಗಪಟ್ಟಣದಲ್ಲಿ ಒಂದಲ್ಲ, ಹಲವು ಮದ್ದಿನ ಮನೆಗಳಿರುವುದು ಇದೇ ಕಾರಣಕ್ಕೆ. ಈ ಎಚ್ಚರ ಎಷ್ಟು ಅಗತ್ಯವಾಗಿತ್ತೆಂಬುದಕ್ಕೆ ಇತಿಹಾಸದಲ್ಲೇ ಸಾಕ್ಷಿಯಿದೆ. 1799ರ ಮೇ 2ರಂದು, ಕೋಟೆ ಬೀಳುವ ಎರಡು ದಿನ ಮುಂಚೆ, ಬ್ರಿಟಿಷರ ಗುಂಡೊಂದು ಒಳಗಿನ ರಾಕೆಟ್ ಉಗ್ರಾಣಕ್ಕೆ ತಗುಲಿ ಭಾರಿ ಸ್ಫೋಟವಾಯಿತು.

ಅಂದರೆ ಈ ಕಟ್ಟಡದ ಅರ್ಥ ಅದರ ಇಟ್ಟಿಗೆಯಲ್ಲಿ ಎಷ್ಟಿದೆಯೋ ಅದು ಕುಳಿತ ಜಾಗದಲ್ಲೂ ಅಷ್ಟೇ ಇದೆ. ಕೋಟೆಗೋಡೆಗೆ ಎಷ್ಟು ದೂರ, ಮುಂದಿನ ಮದ್ದಿನ ಮನೆಗೆ ಎಷ್ಟು ದೂರ, ವಾಸದ ಮನೆಗಳಿಂದ ಎಷ್ಟು ದೂರ ಎಂಬುದು ಅದನ್ನು ಕಟ್ಟಿಸಿದವನ ಲೆಕ್ಕ. ನೂರು ಮೀಟರು ಸರಿಸಿದರೆ ಆ ಲೆಕ್ಕ ಅಳಿಸಿಹೋಗುತ್ತದೆ. ಅರಮನೆಯ ಕಂಬವನ್ನು ಮ್ಯೂಸಿಯಮ್ಮಿನಲ್ಲಿಟ್ಟರೂ ಕೆತ್ತನೆ ಕೆತ್ತನೆಯೇ. ಮದ್ದಿನ ಮನೆಯಲ್ಲಿ ಕೆತ್ತನೆಯಿಲ್ಲ, ಅದರ ಜಾಣತನವೆಲ್ಲ ನೆಲೆಯಲ್ಲಿದೆ. ಸ್ಮಾರಕವನ್ನು ಅದರ ಪರಿಸರದಿಂದ ಬೇರ್ಪಡಿಸಲಾಗದು, ಅದರ ಉಳಿವಿಗೇ ಬೇಕಾದಾಗ ಅಥವಾ ರಾಷ್ಟ್ರದ ಪರಮ ಹಿತ ಕೇಳಿದಾಗ ಮಾತ್ರ ಕದಲಿಸಬಹುದು ಎಂದು 1964ರ ವೆನಿಸ್ ಸನ್ನದು ಹೇಳಿದ್ದು ಇದನ್ನೇ. ಎರಡನೆಯ ಹಳಿ ಪರಮ ಹಿತವೇ? ಇರಬಹುದು. ಆದರೆ ಆ ಪ್ರಶ್ನೆಯನ್ನು ಊರ ಮುಂದೆ ಇಟ್ಟು ವಾದಿಸಿದ ಸಭೆಯೊಂದು ನಮ್ಮ ನೆನಪಿನಲ್ಲಿಲ್ಲ.

ಇಡುವ ಅಗತ್ಯವೂ ಕಾನೂನಿನಲ್ಲಿಲ್ಲ. ಪರಿಸರ ಪರಿಣಾಮ ಅಧ್ಯಯನದ 2006ರ ಅಧಿಸೂಚನೆಯ ಪಟ್ಟಿಯಲ್ಲಿ ಹೆದ್ದಾರಿಗಳಿವೆ, ಗಣಿಗಳಿವೆ, ಅಣೆಕಟ್ಟುಗಳಿವೆ, ರೈಲು ಮಾರ್ಗಗಳಿಲ್ಲ. ಹಾಗಾಗಿ ಜನರ ಅಹವಾಲು ಕೇಳುವ ಸಭೆಯೂ ಕಡ್ಡಾಯವಲ್ಲ. ಇನ್ನು ಸ್ಮಾರಕಗಳ ಕಾನೂನು. ಶ್ರೀರಂಗಪಟ್ಟಣ ಈ ವಿಷಯದಲ್ಲಿ ಇಬ್ಬರು ಯಜಮಾನರ ಮನೆ. ಜುಮ್ಮಾ ಮಸೀದಿ, ರಂಗನಾಥನ ಗುಡಿ, ದರಿಯಾ ದೌಲತ್, ಗುಂಬಜ್ ಇವೆಲ್ಲ ಕೇಂದ್ರದ ಪುರಾತತ್ವ ಸರ್ವೇಕ್ಷಣ ಇಲಾಖೆಯವು. ಅವುಗಳ ಸುತ್ತ 100 ಮೀಟರು ಕಟ್ಟುವುದು ನಿಷಿದ್ಧ, ಅದರಾಚೆ 200 ಮೀಟರು ಅನುಮತಿ ಬೇಕು ಎಂದು 2010ರ ತಿದ್ದುಪಡಿ ಹೇಳುತ್ತದೆ. ಮನೆಗೆ ಮಹಡಿ ಎತ್ತಬೇಕೆಂದರೂ ಊರಿನ ಬಡವ ಈ ಕಾಗದಕ್ಕಾಗಿ ಅಲೆಯುತ್ತಾನೆ. ಮದ್ದಿನ ಮನೆ ರಾಜ್ಯದ ಪಾಲಿಗೆ ಬಂದದ್ದು. ಎರಡೂ ಕಾನೂನುಗಳು ನೋಡುವುದು ಒಂದೊಂದು ಕಟ್ಟಡವನ್ನು. ಕೋಟೆ ಎಂಬ ಇಡೀ ಹೊಂದಿಕೆಯನ್ನು ನೋಡುವ ಕಣ್ಣು ಎರಡರಲ್ಲೂ ಇಲ್ಲ. ‘ಶ್ರೀರಂಗಪಟ್ಟಣ ದ್ವೀಪನಗರದ ಸ್ಮಾರಕಗಳು’ ಎಂದು ಇಡೀ ಊರನ್ನೇ ವಿಶ್ವಪರಂಪರೆಯ ತಾತ್ಕಾಲಿಕ ಪಟ್ಟಿಗೆ ಸೇರಿಸಿದ್ದು 2014ರಲ್ಲಿ. ಮೂರೇ ವರ್ಷದಲ್ಲಿ ಅದರ ಒಂದು ಕಾಯನ್ನು ಮಣೆಯ ಮೇಲೆ ಸರಿಸಿದೆವು.

ಇಂಥ ಅನುಮತಿಗಳ ಸುತ್ತ ಈಗ ಒಂದು ವೃತ್ತಿಯೇ ಬೆಳೆದಿದೆ. ಸಲಹೆಗಾರರು ಅಳತೆ ಹಿಡಿದು, ಚಿತ್ರ ತೆಗೆದು, ದಪ್ಪ ವರದಿ ಸಿದ್ಧಪಡಿಸುತ್ತಾರೆ. ಅವರಲ್ಲಿ ಬಲ್ಲವರಿದ್ದಾರೆ, ಪ್ರಾಮಾಣಿಕರೂ ಇದ್ದಾರೆ. ಆದರೆ ಪರಿಸರ ವರದಿಗೆ ಹಣ ಕೊಡುವವರು ಯೋಜನೆ ಮಾಡುವವರೇ. ಗಂಡಿನ ಕಡೆಯವರಿಂದ ಕೂಲಿ ತೆಗೆದುಕೊಂಡ ದಲ್ಲಾಳಿ ಹೆಣ್ಣಿನ ಮನೆಗೆ ಎಷ್ಟು ನಿಜ ಹೇಳಿಯಾನು? ಆ ವರದಿಗಳಲ್ಲಿ ‘ಪರ್ಯಾಯಗಳು’ ಎಂಬ ಅಧ್ಯಾಯ ಇರಲೇಬೇಕೆಂದು ನಿಯಮವಿದೆ. ನಾವು ಓದಿದ ವರದಿಗಳಲ್ಲೆಲ್ಲ ಅತ್ಯಂತ ತೆಳ್ಳಗಿನ ಅಧ್ಯಾಯ ಅದೇ. ದಾರಿ ಮೊದಲೇ ತೀರ್ಮಾನವಾಗಿರುತ್ತದೆ, ಅಡ್ಡ ಬಂದದ್ದನ್ನು ಏನು ಮಾಡಬೇಕೆಂಬುದಷ್ಟೇ ಉಳಿದ ಪ್ರಶ್ನೆ. ಶ್ರೀರಂಗಪಟ್ಟಣದಲ್ಲಂತೂ ದಾರಿ ತೀರ್ಮಾನವಾದದ್ದು ನೂರನಲವತ್ತು ವರ್ಷದ ಹಿಂದೆ, ಕೋಟೆಯನ್ನು ಗೆದ್ದವರ ಕಾಲದಲ್ಲಿ. ನಮ್ಮ ತಜ್ಞರು ಆ ತೀರ್ಮಾನವನ್ನು ಪ್ರಶ್ನಿಸದೆ ಮುಂದುವರಿಸಿದರು. 2023ರಲ್ಲಿ ಉದ್ಘಾಟನೆಯಾದ ಹೊಸ ಹೆದ್ದಾರಿ ಮಾತ್ರ ಊರನ್ನು ಬಳಸಿಕೊಂಡು ಹೋಗಿದೆ. ಬಳಸಿ ಹೋಗಲು ಬರುವುದೇ ಇಲ್ಲವೆಂದೇನಲ್ಲ. ರೈಲಿಗೆ ಕಾವೇರಿಯ ಮೇಲೆ ಹೊಸ ಸೇತುವೆಗಳು ಬೇಕಾಗುತ್ತಿದ್ದವು, ಖರ್ಚು ಬಹಳ ದೊಡ್ಡದು, ನಿಜ. ಆ ಲೆಕ್ಕವನ್ನು ಜನರ ಮುಂದೆ ಬಿಡಿಸಿಟ್ಟಿದ್ದರೆ ಸಾಕಿತ್ತು.

ಕಟ್ಟಡ ಕದಲಿಸಿದ್ದೇ ತಪ್ಪೆಂದು ನಾವು ಹಟ ಹಿಡಿಯುವುದಿಲ್ಲ. ಕೆಲವೇ ಮೈಲಿ ದೂರದಲ್ಲಿ ಇನ್ನೊಂದು ಉದಾಹರಣೆಯಿದೆ. ಕೃಷ್ಣರಾಜಸಾಗರ ಕಟ್ಟಿದಾಗ ಕನ್ನಂಬಾಡಿ ಊರು ಮುಳುಗಿತು, ಅದರೊಡನೆ ಹೊಯ್ಸಳರ ಕಾಲದ ವೇಣುಗೋಪಾಲಸ್ವಾಮಿ ದೇವಾಲಯವೂ. ಜನ ಗಂಟುಮೂಟೆ ಕಟ್ಟಿಕೊಂಡು ಹೊಸ ಕನ್ನಂಬಾಡಿಗೆ ಬಂದರು, ಗುಡಿ ನೀರಿನಲ್ಲೇ ಉಳಿಯಿತು. ಹಲವು ದಶಕಗಳ ನಂತರ, ಬರಗಾಲದಲ್ಲಿ ನೀರಿಳಿದು ಗುಡಿ ತಲೆಯೆತ್ತಿದಾಗ, ಖೋಡೇಸ್ ಪ್ರತಿಷ್ಠಾನ ಕಲ್ಲುಗಳನ್ನು ಒಂದೊಂದಾಗಿ ಬಿಚ್ಚಿ ತಂದು ಮತ್ತೆ ಜೋಡಿಸಿತು. ಅಲ್ಲಿ ಗುಡಿ ತನ್ನ ಜನರನ್ನು ಹುಡುಕಿಕೊಂಡು ಬಂತು, ಪೂಜೆ ಮತ್ತೆ ಶುರುವಾಯಿತು. ಈಜಿಪ್ಟಿನ ಅಬು ಸಿಂಬೆಲ್ ದೇವಾಲಯಗಳನ್ನು 1960ರ ದಶಕದಲ್ಲಿ ಬಂಡೆ ಸಮೇತ ಮೇಲೆತ್ತಿದ್ದೂ ಅವು ನೀರುಪಾಲಾಗುತ್ತವೆಂದು. ಎರಡೂ ಕಡೆ ಕದಲಿಸಿದ್ದು ಸ್ಮಾರಕದ ಸಲುವಾಗಿ. ಇಲ್ಲಿ ಕದಲಿಸಿದ್ದು ಹಳಿಯ ಸಲುವಾಗಿ. ಈ ವ್ಯತ್ಯಾಸವನ್ನು ಮರೆತು ‘ಅದ್ಭುತ ಸಾಹಸ’ ಎಂದಷ್ಟೇ ಬರೆದರೆ, ನಾಳೆ ಇನ್ನೊಂದು ಕಟ್ಟಡ ಅಡ್ಡ ಬಂದಾಗ ‘ಅದನ್ನೂ ಎತ್ತಿಡಿ’ ಎನ್ನುವುದು ಸುಲಭವಾಗುತ್ತದೆ.

ಇನ್ನೊಂದು ಮಾತು, ನಮ್ಮವರ ಬಗ್ಗೆಯೇ. 2015ರಿಂದ 2018ರವರೆಗೆ ಪ್ರತಿ ನವೆಂಬರಿನಲ್ಲಿ ಟಿಪ್ಪು ಜಯಂತಿಯ ಗದ್ದಲ ಈ ನಾಡನ್ನು ಅಲ್ಲಾಡಿಸಿತು. ಪರವಾಗಿ ಮೆರವಣಿಗೆ, ವಿರೋಧವಾಗಿ ಬಂದ್. ಸರಿಯಾಗಿ ಆ ವರ್ಷಗಳ ನಡುವೆಯೇ ಟಿಪ್ಪುವಿನ ಮದ್ದಿನ ಮನೆ ಉಕ್ಕಿನ ತೊಲೆಗಳ ಮೇಲೆ ಕೂತು ಹೊರಟಿತು. ಅವನ ಹೆಸರಿಗಾಗಿ ಗಂಟಲು ಹರಿದುಕೊಂಡವರಲ್ಲಿ ಎಷ್ಟು ಮಂದಿ ಅವನ ಇಟ್ಟಿಗೆಯ ಬಗ್ಗೆ ಕೇಳಿದರು? ಜರೆಯುವವರಿಗೆ ಅದು ಬೇಕಿರಲಿಲ್ಲ, ಸರಿ. ಹೊಗಳುವವರಿಗೂ ಬ್ಯಾನರಿನ ಮೇಲಿನ ಹುಲಿಯ ಚಿತ್ರ ಸಾಕಾಗಿತ್ತು. ಯಾವ ಕೊತ್ತಲಕ್ಕೆ ಯಾವ ಉಗ್ರಾಣದಿಂದ ಮದ್ದು ಹೋಗುತ್ತಿತ್ತು ಎಂದು ವಿಚಾರಿಸುವ ತಾಳ್ಮೆ ಇಬ್ಬರಲ್ಲೂ ಕಾಣಲಿಲ್ಲ. ಮಾತನಾಡಿದವರು ಎಂಜಿನಿಯರುಗಳು ಮಾತ್ರ, ಅವರು ತೂಕದ ಬಗ್ಗೆ ಮಾತನಾಡಿದರು.

ಆಗಿಹೋದದ್ದನ್ನು ಹಿಂದಕ್ಕೆ ತಳ್ಳಲಾಗದು. ಆದರೆ ಇಂಥ ಅನುಮತಿಗಳಿಗೆ ಹಾಕಬಹುದಾದ ಷರತ್ತುಗಳಿವೆ, ಅವು ದುಬಾರಿಯವೂ ಅಲ್ಲ. ಕದಲಿಸುವ ಮುನ್ನ ಮೂಲ ನೆಲವನ್ನು ಅಗೆದು ದಾಖಲಿಸಿ, ಆ ದಾಖಲೆಯನ್ನು ಕನ್ನಡದಲ್ಲಿ ಪ್ರಕಟಿಸಬೇಕು. ಕಟ್ಟಡ ಮೊದಲು ನಿಂತಿದ್ದ ಜಾಗದಲ್ಲಿ ಗುರುತಿನ ಕಲ್ಲು ನೆಡಬೇಕು. ನಿಲ್ದಾಣದ ಪ್ಲಾಟ್‌ಫಾರಂ ಮೇಲೆ ಇಡೀ ಕೋಟೆಯ ನಕ್ಷೆಯಿರುವ ಫಲಕ ಹಾಕಿ, ಮದ್ದಿನ ಮನೆಗಳಷ್ಟನ್ನೂ ಅದರಲ್ಲಿ ತೋರಿಸಬೇಕು. ಮತ್ತು ಒಂದನ್ನು ಸರಿಸಲು ಖರ್ಚಾದ ಹಣದ ಒಂದು ಪಾಲನ್ನು ಉಳಿದವುಗಳ ದುರಸ್ತಿಗೆ ಕಡ್ಡಾಯವಾಗಿ ತೆಗೆದಿಡಬೇಕು. ಏಕೆಂದರೆ ಈ ಒಂದರ ಮೇಲೆ ಕೋಟಿಗಟ್ಟಲೆ ಹಣ ಸುರಿದದ್ದು ಅದು ಟಿಪ್ಪುವಿನದೆಂದಲ್ಲ, ಹಳಿಗೆ ಅಡ್ಡ ಕೂತಿತ್ತೆಂದು. ಕೋಟೆಯ ಬೇರೆ ಮೂಲೆಗಳಲ್ಲಿ ಅದರ ಒಡಹುಟ್ಟಿದ ಕಟ್ಟಡಗಳು ಇನ್ನೂ ಇವೆ. ಅವು ಯಾರ ದಾರಿಗೂ ಅಡ್ಡವಾಗಿಲ್ಲ.