ಮೊದಲ ಹೆಣಿಗೆ ತಲೆಪಟ್ಟಿಯೇ ಇರಲಿ

ಕಲಘಟಗಿ ತಾಲ್ಲೂಕಿನ ಮಿಶ್ರಿಕೋಟಿ ಸೀಮೆಯ ಆಷಾಢದ ಗಾಳಿಯಲ್ಲಿ ತೇವ ಇರುತ್ತದೆ. ನವಲಗುಂದದ ಎರೆ ಬಯಲಿಗಿಂತ ಇಲ್ಲಿ ಮಳೆ ಹೆಚ್ಚು, ಭತ್ತದ ಗದ್ದೆಯೂ ಹೆಚ್ಚು. ಕಂಬಳಿ ಕೊಪ್ಪೆ ಹೊದ್ದರೂ ಗಾಳಿ ಕಿವಿಗೆ ನುಗ್ಗುತ್ತದೆ. ಅದಕ್ಕೆ ನಾಲ್ಕು ಬೆರಳಗಲದ ಉಲನ್ ಪಟ್ಟಿಯೊಂದು ಸಾಕು. ಹೆಣಿಗೆ ಕಲಿಯಲು ಹೊರಟವರಿಗೆ ನಾನು ಹೇಳುವುದೂ ಇದನ್ನೇ: ಸ್ವೆಟರ್ ಬೇಡ, ಮಫ್ಲರ್ ಬೇಡ, ತಲೆಪಟ್ಟಿಯಿಂದ ಶುರು ಮಾಡಿ.

ಮಫ್ಲರ್ ಹೆಣೆಯುವುದು ಕಷ್ಟವಲ್ಲ. ಗೇಣುದ್ದ ಹೆಚ್ಚಾಗಲಿ ಕಡಿಮೆಯಾಗಲಿ, ಕುತ್ತಿಗೆಗೆ ಸುತ್ತಿಕೊಂಡರಾಯಿತು. ಹಾಗಾಗಿಯೇ ಅದು ಅಳತೆಯನ್ನು ಕಲಿಸುವುದಿಲ್ಲ. ತಲೆಪಟ್ಟಿ ಸಡಿಲಾದರೆ ಕಣ್ಣಿಗೆ ಜಾರುತ್ತದೆ, ಬಿಗಿಯಾದರೆ ಹಣೆ ನೋಯುತ್ತದೆ. ಅಂಗೈಯಗಲದ ಕೆಲಸದಲ್ಲೇ ಹೆಣಿಗೆಯ ಮುಖ್ಯ ಪಾಠ ಮುಗಿದಿರುತ್ತದೆ.

ನೂಲು ನಮ್ಮ ಸೀಮೆಯ ಕೈಗಳಿಗೆ ಹೊಸದಲ್ಲ. ಕುರುಬರು ದಖ್ಖನಿ ಕುರಿಯ ಉಣ್ಣೆ ನೂತು, ಹಾಸಿಗೆ ಹುಣಸೆ ಬೀಜದ ಗಂಜಿ ಕೊಟ್ಟು ಕಂಬಳಿ ನೇಯುತ್ತಾರೆ. ನವಲಗುಂದದ ಹೆಣ್ಣುಮಕ್ಕಳು ನಿಲುವು ಮಗ್ಗದ ಮುಂದೆ ಕೂತು ಜಮಖಾನ ನೇಯುತ್ತಾರೆ. ಕಸೂತಿಯ ಗವಂತಿ, ಮುರ್ಗಿ, ನೇಯ್ಗಿ, ಮೆಂತಿಗಳಲ್ಲಿ ಎಳೆಯ ಎಣಿಕೆ ತಪ್ಪುವಂತಿಲ್ಲ. ಆ ಎಣಿಕೆ ಹೆಣಿಗೆಗೂ ಒದಗುತ್ತದೆ. ಹೊಸದಾಗಿ ಕಲಿಯಬೇಕಾದದ್ದು ಹಿಗ್ಗುವ ಗುಣವೊಂದನ್ನೇ. ಕಂಬಳಿ, ಜಮಖಾನಗಳಲ್ಲಿ ಹಾಸು ಹೊಕ್ಕುಗಳು ನೇರ ಎಳೆಗಳು, ಎಳೆದರೆ ಬಿಟ್ಟುಕೊಡುವುದಿಲ್ಲ. ಹೆಣಿಗೆಯಲ್ಲಿ ಒಂದೇ ದಾರ ಕುಣಿಕೆಯೊಳಗೆ ಕುಣಿಕೆಯಾಗಿ ಸಾಗುತ್ತದೆ. ಎಳೆದಾಗ ಕುಣಿಕೆ ಹಿಗ್ಗುತ್ತದೆ, ಬಿಟ್ಟಾಗ ಮತ್ತೆ ಕೂಡಿಕೊಳ್ಳುತ್ತದೆ. ಆದ್ದರಿಂದ ಪಟ್ಟಿ ತಲೆಯ ಸುತ್ತಳತೆಗಿಂತ ಚಿಕ್ಕದಿರಬೇಕು. ತಲೆ 55 ಸೆಂ.ಮೀ. ಇದ್ದರೆ ಪಟ್ಟಿಗೆ 50 ಸೆಂ.ಮೀ. ಸಾಕು.

ಕಡ್ಡಿ 8ನೇ ನಂಬರಿನದು ಇರಲಿ, ಅಂದರೆ 4 ಮಿ.ಮೀ. ದಪ್ಪದ್ದು. ಈ ಹಳೆಯ ಲೆಕ್ಕದಲ್ಲಿ ನಂಬರು ಏರಿದಷ್ಟೂ ಕಡ್ಡಿ ಸಣ್ಣದಾಗುತ್ತದೆ ಎಂಬುದು ನೆನಪಿರಲಿ. ಮಧ್ಯಮ ದಪ್ಪದ ದಾರದ 50 ಗ್ರಾಂ ಉಂಡೆ ಒಂದು ಸಾಕು. ದಾರ ತಿಳಿ ಬಣ್ಣದ್ದೇ ಇರಲಿ, ಕಪ್ಪು ದಾರದಲ್ಲಿ ಕುಣಿಕೆ ಕಣ್ಣಿಗೆ ಸಿಗುವುದಿಲ್ಲ. ಕಂಬಳಿಯ ಉಣ್ಣೆ ಒರಟು, ಹಣೆಗೆ ಚುಚ್ಚುತ್ತದೆ. ಅಂಗಡಿಯಲ್ಲಿ ಉಲನ್ ಎಂದು ಕೊಡುವುದು ಬಹುಪಾಲು ಅಕ್ರಿಲಿಕ್. ಒಗೆಯಲು ಅನುಕೂಲ, ಆದರೆ ಉಣ್ಣೆಯಷ್ಟು ಚೆನ್ನಾಗಿ ಹಿಂದಕ್ಕೆ ಕೂಡಿಕೊಳ್ಳುವುದಿಲ್ಲ. ಹಾಗಾಗಿ ಪಟ್ಟಿಯನ್ನು ಇನ್ನೊಂದು ಬೆರಳು ಗಿಡ್ಡ ಮಾಡಿ.

ಪಟ್ಟಿಗೆ ಮೊದಲು ಮಾದರಿ ತುಂಡೊಂದನ್ನು ಹೆಣೆಯಿರಿ. 20 ಕುಣಿಕೆ ಹಾಕಿ, ಎರಡೂ ಬದಿಯಿಂದ ಬರೀ ನಿಟ್ (ಸೀದಾ ಕುಣಿಕೆ) ಹೆಣೆಯುತ್ತ 40 ಸಾಲು ಹೋಗಿ. ಪರ್ಲ್ (ಉಲ್ಟಾ ಕುಣಿಕೆ) ಸದ್ಯಕ್ಕೆ ಬೇಡ. ನನ್ನ ಕೈಯಲ್ಲಿ ಇದು 10 ಸೆಂ.ಮೀ. ಚೌಕ ಬರುತ್ತದೆ. ನಿಮ್ಮ ಕೈ ಬಿಗಿಯಿದ್ದರೆ ಚಿಕ್ಕದಾದೀತು, ಸಡಿಲಿದ್ದರೆ ದೊಡ್ಡದು. ಆ ಅಳತೆಯನ್ನೇ ನಂಬಬೇಕು. ಇಂಗ್ಲೆಂಡಿನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಹೆಣಿಗೆಯ ಗುರು ಎಲಿಜಬೆತ್ ಝಿಮ್ಮರ್‌ಮನ್ 1971ರ ತಮ್ಮ ಪುಸ್ತಕದಲ್ಲಿ ಒತ್ತಿ ಹೇಳಿದ್ದೂ ಇದನ್ನೇ. ಪುಸ್ತಕದ ಅಂಕಿಯನ್ನಲ್ಲ, ತಮ್ಮ ಕೈಯ ಅಳತೆಯನ್ನು ಆಧರಿಸಿ ಹೆಣೆಯಬೇಕೆಂಬುದು ಅವರ ಪಾಠ.

ನನ್ನ ಲೆಕ್ಕದಲ್ಲಿ 16 ಕುಣಿಕೆಗೆ 8 ಸೆಂ.ಮೀ. ಅಗಲ, 200 ಸಾಲಿಗೆ 50 ಸೆಂ.ಮೀ. ಉದ್ದ. ಎರಡು ಸಾಲು ಸೇರಿ ಒಂದು ದಿಂಡು ಮೂಡುವುದರಿಂದ 100 ದಿಂಡು ಎಣಿಸಿದರೆ ಮುಗಿಯಿತು. ಪ್ರತಿ ಸಾಲಿನ ಮೊದಲ ಕುಣಿಕೆಯನ್ನು ಹೆಣೆಯದೆ ಆಚೆ ಕಡ್ಡಿಗೆ ದಾಟಿಸಿ, ಅಂಚು ಅಚ್ಚುಕಟ್ಟಾಗುತ್ತದೆ. ನಡುನಡುವೆ ಕುಣಿಕೆ 16 ಇವೆಯೇ ನೋಡಿ. 17 ಆಗಿದ್ದರೆ ಬಿಚ್ಚಿ. ಬಿಚ್ಚಿದ ದಾರ ಮತ್ತೆ ಕೆಲಸಕ್ಕೆ ಬರುತ್ತದೆ, ಕತ್ತರಿಸಿದ ಬಟ್ಟೆಗೆ ಆ ಭಾಗ್ಯವಿಲ್ಲ. ಕೊನೆಗೆ ಎರಡು ತುದಿಗಳನ್ನು ಮೊಂಡು ಸೂಜಿಯಿಂದ ಹೊಲಿದರೆ ಪಟ್ಟಿ ಸಿದ್ಧ.

ಹಳ್ಳಿಗಳ ಸ್ತ್ರೀಶಕ್ತಿ ಸಂಘಗಳಲ್ಲಿ ಹೊಲಿಗೆ ಕಲಿಯುವ ಹೆಣ್ಣುಮಕ್ಕಳಿಗೆ ಜೊತೆಗೊಂದು ಜೋಡಿ ಕಡ್ಡಿಯನ್ನೂ ಕೊಡಬೇಕೆಂಬುದು ನನ್ನ ಒತ್ತಾಯ. ಇದಕ್ಕೆ ಕರೆಂಟು ಬೇಡ, ಮಷಿನ್ ಬೇಡ, ಬಸ್ಸು ಕಾಯುವ ಹೊತ್ತೂ ಸಾಕು. ತಲೆಪಟ್ಟಿಯ ಲೆಕ್ಕ ಒಮ್ಮೆ ಕೈಗೆ ಹತ್ತಿದರೆ ಟೊಪ್ಪಿಗೆ, ಮಕ್ಕಳ ಸ್ವೆಟರ್ ಎಲ್ಲವೂ ಅದೇ ಲೆಕ್ಕದ ಮುಂದುವರಿಕೆ.