ಅಳತೆಯ ಒಡೆತನ: ಕನ್ನಡ ಸಾಹಿತ್ಯದಲ್ಲಿ ದುಡಿಮೆಯ ವಿಚಾರ

ಕನ್ನಡ ಸಾಹಿತ್ಯದಲ್ಲಿ ದುಡಿಮೆಯ ವಿಚಾರ ಬಂದಾಗಲೆಲ್ಲ ನಮ್ಮ ವಿಮರ್ಶೆ ಸಾಮಾನ್ಯವಾಗಿ ಎರಡು ಮಾತುಗಳಲ್ಲಿ ಒಂದನ್ನು ಹೇಳಿ ತೃಪ್ತಿಪಡುತ್ತದೆ. ದುಡಿಮೆ ಪವಿತ್ರವಾದುದೆಂಬುದು ಒಂದು. ದುಡಿಯುವವರ ಬಾಳು ಕಷ್ಟದ್ದೆಂಬುದು ಮತ್ತೊಂದು. ಇವೆರಡೂ ಸುಳ್ಳಲ್ಲ. ಆದರೆ ದುಡಿಮೆಯು ಮನುಷ್ಯನ ಬಾಳನ್ನು ಹೇಗೆ ರೂಪಿಸುತ್ತದೆಂಬ ಪ್ರಶ್ನೆಗೆ ಇವುಗಳಿಂದ ಉತ್ತರ ದೊರೆಯುವುದಿಲ್ಲ. ಎಷ್ಟು ದುಡಿಯಬೇಕು, ಎಷ್ಟಾದರೆ ಸಾಕು, ದುಡಿದು ಬಂದದ್ದು ಯಾರದು ಎಂಬ ಅಳತೆ ಯಾರ ಕೈಯಲ್ಲಿದೆಯೆಂಬುದನ್ನು ಮೊದಲು ಕೇಳಬೇಕೆಂಬುದು ಈ ಲೇಖನದ ವಾದ.

ಈ ವಿಚಾರಕ್ಕೆ ಪ್ರೇರಣೆಯಾದದ್ದು ತರಗತಿಯ ಒಂದು ಪ್ರಸಂಗ. ತುಮಕೂರು ರಸ್ತೆಯಲ್ಲಿ ಪೀಣ್ಯಕ್ಕೂ ನೆಲಮಂಗಲಕ್ಕೂ ನಡುವೆ ಇರುವ ಮಾದನಾಯಕನಹಳ್ಳಿಯ ಸುತ್ತಿನಿಂದ ನಮ್ಮಲ್ಲಿಗೆ ಬರುವ ವಿದ್ಯಾರ್ಥಿಗಳಲ್ಲಿ ಅನೇಕರ ಮನೆಗಳು ಪಾಳಿಯ ಗಂಟೆಗೆ ಏಳುತ್ತವೆ, ಪಾಳಿಯ ಗಂಟೆಗೆ ಮಲಗುತ್ತವೆ. ಹನ್ನೆರಡನೆಯ ಶತಮಾನದ ಕಲ್ಯಾಣವನ್ನು ಕುರಿತು ಪಾಠ ನಡೆಯುತ್ತಿದ್ದಾಗ ಒಬ್ಬ ವಿದ್ಯಾರ್ಥಿನಿ ಎದ್ದು, "ನಮ್ಮಮ್ಮ ಗಾರ್ಮೆಂಟ್ಸ್‌ನಲ್ಲಿ ದಿನವೆಲ್ಲ ಕಾಲರ್ ಹೊಲಿಯುತ್ತಾರೆ ಸರ್, ಅದೂ ಕಾಯಕವೇ?" ಎಂದು ಕೇಳಿದಳು. ಹೌದೆಂದು ತಟ್ಟನೆ ಉತ್ತರಿಸಿದೆನು. ಆ ಉತ್ತರ ಅವಸರದ್ದಾಗಿತ್ತೆಂದು ಈಗ ತೋರುತ್ತದೆ.

ಕಾಯಕದ ವಿಚಾರದಲ್ಲಿ ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ದಂಪತಿಗಳ ಪ್ರಸಂಗ ಸುಪ್ರಸಿದ್ಧವಾದುದು. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಅವನು ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಹೆಚ್ಚಾದುದನ್ನು ತಂದಲ್ಲಿಯೇ ಸುರಿದು ಬರುವಂತೆ ಲಕ್ಕಮ್ಮ ಅವನನ್ನು ಹಿಂದಕ್ಕೆ ಕಳುಹಿಸುತ್ತಾಳೆ. ಇದನ್ನು ನಾವು ನಿರಾಶೆಯ, ಅಂದರೆ ಆಸೆಯಿಲ್ಲದಿರುವಿಕೆಯ, ದೃಷ್ಟಾಂತವಾಗಿ ಬೋಧಿಸುತ್ತ ಬಂದಿದ್ದೇವೆ. ಅದು ಸರಿಯೇ. ಆದರೆ ಇಲ್ಲಿ ಮತ್ತೊಂದು ಅಂಶವೂ ಇದೆ. 'ಸಾಕು' ಎಂಬ ಮಾತನ್ನು ಆಡಿದವಳು ಬಡವಿಯಾದ ಲಕ್ಕಮ್ಮ. ಅರಮನೆಯಲ್ಲ, ಮಹಾಮನೆಯೂ ಅಲ್ಲ. ಕಾಯಕಕ್ಕೆ ಘನತೆ ಬಂದದ್ದು ಬೆವರಿನಿಂದ ಮಾತ್ರವಲ್ಲ. ಅದರ ಅಳತೆ ದುಡಿಯುವವರ ಮನೆಯೊಳಗೇ ಇದ್ದುದರಿಂದ. ಮೇಲಾಗಿ, ದಾಸೋಹವನ್ನು ಬಿಟ್ಟು ಶರಣರು ಕಾಯಕವನ್ನು ಹೇಳಲಿಲ್ಲ.

ಈ ಅಳತೆ ಕೈತಪ್ಪಿದಾಗ ಬಾಳು ಏನಾಗುತ್ತದೆಂಬುದನ್ನು ಶಿವರಾಮ ಕಾರಂತರ 'ಚೋಮನ ದುಡಿ' (1933) ತೋರಿಸುತ್ತದೆ. ಚೋಮನಿಗೆ ದುಡಿಮೆಯ ಕೊರತೆಯಿಲ್ಲ; ಜೋಡಿ ಎತ್ತುಗಳೂ ಇವೆ. ಇಲ್ಲದುದು ತಾನು ಉಳಲು ಒಂದು ತುಂಡು ಗದ್ದೆ. ಹೊಲೆಯನು ಒಕ್ಕಲಾಗಬಾರದೆಂಬ ಕಟ್ಟಳೆ ಅವನ ಶಕ್ತಿಗೂ ಆಸೆಗೂ ಅಡ್ಡ ನಿಲ್ಲುತ್ತದೆ. ಸಾಲ ತೀರಿಸಲು ಮಕ್ಕಳು ಘಟ್ಟದ ಕಾಫಿತೋಟಕ್ಕೆ ಹೋಗಬೇಕಾಗುತ್ತದೆ. ಅಲ್ಲಿಯ ಲೆಕ್ಕದ ಪುಸ್ತಕ ಅವರದಲ್ಲ. ಚೋಮನ ದುರಂತವನ್ನು ಶ್ರಮದ ದುರಂತವೆಂದು ಕರೆದರೆ ಸಾಲದು. ಅದು ತನಗೆ ಬೇಕಾದ ದುಡಿಮೆಯನ್ನು ನಿರಾಕರಿಸಿಕೊಂಡವನ ದುರಂತ. ಕನ್ನಡದಲ್ಲಿ 'ದುಡಿ' ಎಂಬುದು ವಾದ್ಯದ ಹೆಸರೂ ಹೌದು, ಕ್ರಿಯಾಪದವೂ ಹೌದು. ಉಳಲು ದೊರೆಯದ ಕೈಗಳು ಬಾರಿಸುತ್ತ ಬಾರಿಸುತ್ತ ಸೋಲುತ್ತವೆ.

ಕೂಲಿಯ ಲೋಕದಿಂದ ಸಂಬಳದ ಲೋಕಕ್ಕೆ ಬಂದರೆ ಈ ಸಂಕಟ ತೀರುವುದೆಂದು ಭಾವಿಸುವವರು ಯಶವಂತ ಚಿತ್ತಾಲರ 'ಶಿಕಾರಿ'ಯನ್ನು (1979) ಓದಬೇಕು. ಮುಂಬಯಿಯ ಕಂಪನಿಯೊಂದರ ಅಧಿಕಾರಿ ನಾಗಪ್ಪನನ್ನು ಕಾರಣ ಸ್ಪಷ್ಟಪಡಿಸದೆ ಕೆಲಸದಿಂದ ದೂರವಿಡಲಾಗುತ್ತದೆ. ಹಸಿವಿನ ಭಯಕ್ಕಿಂತ ಮಿಗಿಲಾಗಿ, ತಾನು ಯಾರೆಂಬುದೇ ಅವನಿಗೆ ಸಂಶಯವಾಗುತ್ತದೆ. ಚೋಮನನ್ನು ಜಾತಿಯ ಕಟ್ಟಳೆ ಅಳೆಯಿತು. ನಾಗಪ್ಪನನ್ನು ಕಾಣದ ಕೈಗಳು ಅಳೆಯುತ್ತವೆ. ಇವರಿಬ್ಬರ ಸ್ಥಿತಿ ಸಮಾನವೆಂದು ಇದರ ಅರ್ಥವಲ್ಲ. ನಾಗಪ್ಪನಿಗೆ ವಿದ್ಯೆಯ ಬಲವಿದೆ. ಚೋಮನಿಗೆ ಯಾವ ಬಲವೂ ಇಲ್ಲ. ಆದರೂ ತನ್ನ ಬೆಲೆಯನ್ನು ಪರರಿಂದ ಕೇಳಿ ತಿಳಿಯಬೇಕಾದ ಅವಸ್ಥೆ ಇಬ್ಬರಿಗೂ ಬಂದಿದೆ.

ಈಗ ತುಮಕೂರು ರಸ್ತೆಗೆ ಮರಳೋಣ. ಈ ಭಾಗದ ಉಡುಪು ಕಾರ್ಖಾನೆಗಳಲ್ಲಿ ದುಡಿಯುವವರಲ್ಲಿ ಬಹುಪಾಲು ಹೆಂಗಸರು. ಒಬ್ಬಳು ಕಾಲರನ್ನು, ಮತ್ತೊಬ್ಬಳು ತೋಳನ್ನು ಹೊಲಿಯುತ್ತಾಳೆ. ಇಡೀ ಅಂಗಿ ಒಬ್ಬಳದಲ್ಲ. ಗಂಟೆಗೆ ಇಷ್ಟು ಪೀಸು ಎಂಬ ಟಾರ್ಗೆಟ್ ಮೇಲಿನಿಂದ ಬರುತ್ತದೆ. ಇಲ್ಲಿ 'ಸಾಕು' ಎನ್ನುವ ಲಕ್ಕಮ್ಮನಿಗೆ ಸ್ಥಳವಿಲ್ಲ. 2016ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರವು, ಭವಿಷ್ಯನಿಧಿಯಲ್ಲಿ ಮಾಲೀಕರು ತುಂಬಿದ ಪಾಲನ್ನು 58 ವರ್ಷ ತುಂಬುವವರೆಗೆ ಹಿಂತೆಗೆಯಲಾಗದೆಂಬ ನಿಯಮವನ್ನು ಪ್ರಕಟಿಸಿತು. ಮಕ್ಕಳ ಓದಿಗೆ, ಮದುವೆಗೆ, ಮನೆಯ ಸಾಲಕ್ಕೆ ಪಿ.ಎಫ್. ಹಣವನ್ನೇ ನಂಬಿದವರಿಗೆ ಇದು ತಮ್ಮ ಗಂಟನ್ನೇ ಮುಟ್ಟುಗೋಲು ಹಾಕಿಕೊಂಡಂತೆ ಕಂಡಿತು. ಏಪ್ರಿಲ್ 18ರಂದು ಅವರು ಹೊಸೂರು ರಸ್ತೆಗೆ ಇಳಿದರು. ಮರುದಿನ ತುಮಕೂರು ರಸ್ತೆಯೂ ನಿಂತಿತು. ಬಸ್ಸುಗಳು ಸುಟ್ಟವು, ಲಾಠಿ ಪ್ರಹಾರವಾಯಿತು. ಆ ಹಿಂಸೆಯನ್ನು ಮರೆಮಾಚಬೇಕಾಗಿಲ್ಲ. ಏಪ್ರಿಲ್ 19ರಂದೇ ಸರ್ಕಾರ ನಿಯಮವನ್ನು ಹಿಂದೆಗೆದುಕೊಂಡಿತು. ಚರಿತ್ರೆಯ ವಿದ್ಯಾರ್ಥಿಯ ದೃಷ್ಟಿಯಲ್ಲಿ ಇದು ಕೇವಲ ಹಣದ ಜಗಳವಲ್ಲ. ತಮ್ಮ ದುಡಿಮೆಯ ಅಳತೆಯನ್ನು, ಎರಡು ದಿನಗಳ ಮಟ್ಟಿಗಾದರೂ, ಆ ಹೆಂಗಸರು ಕೈಗೆ ತೆಗೆದುಕೊಂಡರು.

ಇಲ್ಲಿ ಒಂದು ಆಕ್ಷೇಪ ಏಳಬಹುದು. ಶರಣರ ಕಾಯಕ ಆಧ್ಯಾತ್ಮಿಕ ತತ್ವವಾಗಿರುವಾಗ ಅದನ್ನು ಕಾರ್ಖಾನೆಯ ಕೂಲಿಯೊಡನೆ ಬೆರೆಸುವುದು ಕಾಲವಿರೋಧವಲ್ಲವೇ? ಆಕ್ಷೇಪ ನ್ಯಾಯವಾದುದೇ. ಆದರೆ ಬೆರೆಸಿದವರು ನಾವು ಮೊದಲಿಗರಲ್ಲ. ಕಚೇರಿಯ ಗೋಡೆಗಳ ಮೇಲೂ ಸಮಾರಂಭಗಳ ಭಾಷಣಗಳಲ್ಲಿಯೂ ಕಾಯಕದ ಹೆಸರನ್ನು ದುಡಿಯುವವರಿಗೆ ಮಾತ್ರ ಬೋಧಿಸುವುದು ಬಹುಕಾಲದ ವಾಡಿಕೆ. ಅಳತೆಯನ್ನೂ ದಾಸೋಹವನ್ನೂ ಕಳಚಿ ಉಳಿದರ್ಧವನ್ನು ಬೋಧಿಸಿದರೆ ಅದು ಶರಣರ ತತ್ವವಾಗದು, ಮೇಸ್ತ್ರಿಯ ಆಜ್ಞೆಯಾಗುತ್ತದೆ. ಈ ಭೇದವನ್ನು ತೋರಿಸಿಕೊಡುವುದು ವಿಮರ್ಶೆಯ ಕರ್ತವ್ಯ.

ಆದಕಾರಣ ಆ ವಿದ್ಯಾರ್ಥಿನಿಗೆ ಹೇಳಬೇಕಾಗಿದ್ದ ಉತ್ತರ ಇಷ್ಟು: ನಿನ್ನ ತಾಯಿಯ ಹೊಲಿಗೆಯಲ್ಲಿ ಕಾಯಕಕ್ಕೆ ಬೇಕಾದ ನಿಷ್ಠೆ ಇದೆ, ಕೌಶಲವಿದೆ, ಇಲ್ಲದುದು 'ಸಾಕು' ಎನ್ನುವ ಅಧಿಕಾರ. ಅದು ಅವಳಿಗೆ ದೊರೆಯುವವರೆಗೆ ಆ ಹೆಸರನ್ನು ಅವಳ ಮೇಲೆ ಹೊರಿಸುವ ಹಕ್ಕು ನಮಗಿಲ್ಲ.